ತಂಬೂರಿಯ ಬುರುಡೆ ಮತ್ತು ನಮ್ಮ ಹೊಲ
(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಈ ದಿನ ತಿಪ್ಪೆಗುಂಡಿಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಪಂಚಾಯತಿಯವರು ನನಗೆ ತಿಳಿಸಿದ್ದರು. ಅದನ್ನು ಮುಂದಿನ ಸಭೆಗೆ ಇಟ್ಟುಕೊಳ್ಳೋಣ. ಏಕೆಂದರೆ ಒಂದು ತಿಂಗಳಿನಿಂದ ನಾನು ಯಾವ ಊರಿಗೆ ಹೋದರೂ ಒಂದೇ ಪ್ರಶ್ನೆ ಎದುರಾಗುತ್ತಿದೆ. "ಸಾಹೇಬ್ರ, ಮಿರಜದವರು ಕಹಿ ಸೋರೆಕಾಯಿಗೆ ರೊಕ್ಕಾ ಕೊಡ್ತಾರಂತ. ಕಬ್ಬು ತೆಗೆದು ಅದನ್ನ ಹಾಕೋಣೇನ್ರಿ?" ಒಬ್ಬ ಗೌಡರಂತೂ ಎರಡು ಎಕರೆ ನೆಲವನ್ನು ಹರಗಿ ಸಿದ್ಧ ಮಾಡಿಕೊಂಡು, ಬೀಜ ಎಲ್ಲಿ ಸಿಗುತ್ತದೆಂದು ನನ್ನನ್ನು ಹುಡುಕಿಕೊಂಡು ಬಂದರು. ಎರಡು ಎಕರೆ ಎಂದರೆ ಆಟದ ಮಾತಲ್ಲ. ಆದ್ದರಿಂದ ಈ ವಿಷಯವನ್ನು ಬುಡದಿಂದ ತಿಳಿದುಕೊಳ್ಳುವುದು ಒಳ್ಳೆಯದೆಂದು ನನಗೆ ಕಂಡಿತು. ಮಿರಜಿಗೆ ಹೋಗಿ ಕಸುಬಿನವರ ಪಕ್ಕದಲ್ಲಿ ಕುಳಿತು ನೋಡಿ ಬಂದಿದ್ದೇನೆ. ನೋಡಿದ್ದನ್ನೂ ನನ್ನ ಬೇಸಾಯದ ಓದಿನಿಂದ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ.

ಮೊದಲು, ಹಾಡುವವರಿಗೆ ಸೋರೆಬುರುಡೆ ಏಕೆ ಬೇಕು ಎಂಬುದನ್ನು ನೋಡೋಣ.

ಒಂದು ತಂತಿಯನ್ನು ಎರಡು ಗೂಟಗಳ ನಡುವೆ ಬಿಗಿದು ಬೆರಳಿನಿಂದ ಮೀಟಿ ನೋಡಿರಿ. ಪಕ್ಕದಲ್ಲಿ ಕುಳಿತವನಿಗೂ ಸರಿಯಾಗಿ ಕೇಳಿಸದು. ತಂತಿ ಸಣ್ಣದು, ಅದು ಎಷ್ಟು ನಡುಗಿದರೂ ಅಲುಗಿಸುವ ಗಾಳಿ ಸ್ವಲ್ಪವೇ. ಅದೇ ತಂತಿಯನ್ನು ತೆಳುವಾದ ಒಂದು ಹಲಗೆಯ ಮೇಲಿನ ಸಣ್ಣ ಕುದುರೆಯ ಮೇಲೆ ಹಾಯಿಸಿದರೆ, ತಂತಿಯ ನಡುಕ ಕುದುರೆಗೆ, ಕುದುರೆಯಿಂದ ಹಲಗೆಗೆ, ಹಲಗೆಯಿಂದ ಅದರ ಕೆಳಗಿನ ಪೊಳ್ಳಿನ ಗಾಳಿಗೆ ದಾಟುತ್ತದೆ. ಆಗ ದನಿ ಕೋಣೆ ತುಂಬುತ್ತದೆ. ಈ ಪೊಳ್ಳಿಗಾಗಿ ಒಂದು ದೊಡ್ಡ ಪಾತ್ರೆ ಬೇಕು. ಅದು ಹಗುರವಾಗಿರಬೇಕು, ಗಟ್ಟಿಯಾಗಿರಬೇಕು, ಎಲ್ಲಿಯೂ ಬೆಸುಗೆ ಇರಬಾರದು. ಮರದ ದಿಮ್ಮಿಯನ್ನು ತೋಡಿ ಮಾಡಬಹುದು. ವೀಣೆ ಮಾಡುವವರು ಹಲಸಿನ ಮರವನ್ನು ಹಾಗೆಯೇ ತೋಡುತ್ತಾರೆ. ಆದರೆ ಬಳ್ಳಿಯೊಂದು ನೆಲದ ಮೇಲೆ ಹಬ್ಬಿ, ಇಂಥ ಪಾತ್ರೆಯನ್ನು ಐದಾರು ತಿಂಗಳಲ್ಲಿ ತಾನೇ ಮಾಡಿಕೊಡುತ್ತದೆ. ಅದೇ ಸೋರೆಬುರುಡೆ.

ಇದು ನಮಗೆ ಹೊಸದೇನೂ ಅಲ್ಲ. ನಮ್ಮ ಅಜ್ಜಂದಿರು ಬಿತ್ತನೆಯ ಬೀಜವನ್ನು ಬೂದಿ ಬೆರೆಸಿ ಬುರುಡೆಯಲ್ಲಿ ತುಂಬಿ ಅಟ್ಟಕ್ಕೆ ತೂಗುಹಾಕುತ್ತಿದ್ದರು. ಹುಡುಗರು ಬುರುಡೆಯನ್ನು ಬೆನ್ನಿಗೆ ಕಟ್ಟಿಕೊಂಡು ಹೊಳೆಯಲ್ಲಿ ಈಜು ಕಲಿಯುತ್ತಿದ್ದರು. ಭಜನೆಯ ಏಕತಾರಿಗೂ ಬುರುಡೆಯೇ. ಕಿನ್ನರಿ ಜೋಗಿಗಳ ಕಿನ್ನರಿಯ ದಂಡಿಗೆ ಕಟ್ಟಿರುವುದೂ ಬುರುಡೆಗಳೇ. ಪ್ಲಾಸ್ಟಿಕ್ಕಿನ ಡಬ್ಬಿ ಬಂದ ಮೇಲೆ ನಮ್ಮ ಬೇಲಿಯ ಸೋರೆಬಳ್ಳಿ ಕಾಣದಾಯಿತು, ಅಷ್ಟೆ.

ಇನ್ನು ಮಿರಜದ ವಿಷಯ. ಊರು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಗೆ ಸೇರಿದೆ; ನಮ್ಮ ಗಡಿಗೆ ಹತ್ತಿರವೇ ಇದೆ. ಹಿಂದೆ ಪಟವರ್ಧನ ಮನೆತನದವರ ಸಂಸ್ಥಾನವಾಗಿತ್ತು. ಅಲ್ಲಿ ಶಿಕಲಗಾರರೆಂಬ ಜನ ಕತ್ತಿ, ಭರ್ಚಿಗಳಿಗೆ ಸಾಣೆ ಹಿಡಿದು ಬದುಕುತ್ತಿದ್ದರು. ಆಯುಧಗಳ ಕಾಲ ಮುಗಿಯುತ್ತ ಬಂದಾಗ ಅವರ ಕೈಗೆ ಕೆಲಸವಿಲ್ಲದಂತಾಯಿತು. ಸುಮಾರು 1850ರ ಹೊತ್ತಿಗೆ ಅವರಲ್ಲಿ ಫರೀದಸಾಹೇಬ ಎಂಬವರು ಹಾಡುಗಾರರ ವಾದ್ಯಗಳನ್ನು ರಿಪೇರಿ ಮಾಡಲು ಹಿಡಿದು, ಕ್ರಮೇಣ ಹೊಸ ತಂಬೂರಿ, ಸಿತಾರುಗಳನ್ನೇ ಮಾಡತೊಡಗಿದರು. ಅವರ ವಂಶದವರಿಗೆ 'ಸಿತಾರಮೇಕರ' ಎಂಬುದೇ ಅಡ್ಡಹೆಸರಾಯಿತು. ಮುಂದೆ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಮಿರಜದಲ್ಲಿ ನೆಲೆಸಿದರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು; ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ಲರು ಮತ್ತು ಭೀಮಸೇನ ಜೋಶಿಯವರು. ನಮ್ಮ ಧಾರವಾಡ ಸೀಮೆಯ ಹಾಡಿಗೂ ಮಿರಜದ ಆ ಓಣಿಗೂ ನಂಟು ಹಳೆಯದು.

2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಸರಕಾರದ ಭೌಗೋಳಿಕ ಗುರುತು ದೊರೆಯಿತು. ಬೇರೆ ಊರಿನವರು ತಾವು ಮಾಡಿದ ವಾದ್ಯಕ್ಕೆ ಮಿರಜದ ಹೆಸರು ಹಚ್ಚಿ ಮಾರಬಾರದು ಎಂಬುದು ಅದರ ಅರ್ಥ. ಈ ಸುದ್ದಿ ಬಾಯಿಂದ ಬಾಯಿಗೆ ದಾಟಿ, ನಮ್ಮ ಹಳ್ಳಿಗೆ ಬರುವಷ್ಟರಲ್ಲಿ "ಸರಕಾರದವರು ಸೋರೆಕಾಯಿಗೆ ಬೆಲೆ ಕಟ್ಟಿದ್ದಾರೆ" ಎಂದು ಆಗಿರಬೇಕು. ಗುರುತು ಸಿಕ್ಕಿರುವುದು ವಾದ್ಯಕ್ಕೆ, ಬುರುಡೆಗಲ್ಲ. ಬುರುಡೆಗೆ ಯಾರೂ ಬೆಲೆ ಗೊತ್ತು ಮಾಡಿಲ್ಲ.

ಮಿರಜದವರು ತಮ್ಮ ಬುರುಡೆಗಳನ್ನು ತರುವುದು ಸೋಲಾಪುರ ಜಿಲ್ಲೆಯ ಮಂಗಳವೇಢೆಯ ಸೀಮೆಯಿಂದ. ಅಲ್ಲಿ ಭೀಮಾ ನದಿಯ ಬಯಲಿದೆ. ಅದೇ ಭೀಮೆ ಮುಂದೆ ಹರಿದು ನಮ್ಮ ಇಂಡಿ, ಅಫಜಲಪುರಗಳ ಕಡೆಗೆ ಬರುತ್ತಾಳೆ. "ಅಲ್ಲಿ ಬೆಳೆದರೆ ಇಲ್ಲಿಯೂ ಬೆಳೆದೀತು" ಎಂದು ನೀವು ಹೇಳುವುದರಲ್ಲಿ ತಪ್ಪಿಲ್ಲ. ಬಳ್ಳಿ ಖಂಡಿತ ಬೆಳೆಯುತ್ತದೆ. ಆದರೆ ಬೆಳೆದ ಕಾಯೆಲ್ಲ ತಂಬೂರಿಗೆ ಬರುವುದಿಲ್ಲ. ಏಕೆಂಬುದು ತಿಳಿಯಬೇಕಾದರೆ ವಾದ್ಯವನ್ನು ಹೇಗೆ ಮಾಡುತ್ತಾರೆಂದು ನೋಡಬೇಕು.

ಕಸುಬಿನವರ ಮನೆಯ ಅಟ್ಟದ ಮೇಲೆ ಒಣ ಬುರುಡೆಗಳನ್ನು ಸಾಲಾಗಿ ಒಟ್ಟಿರುತ್ತಾರೆ. ಗಂಡಸರ ತಂಬೂರಿ ದೊಡ್ಡದು. ಅದಕ್ಕೆ ಸುತ್ತಳತೆ ನಾಲ್ಕು ಅಡಿಯನ್ನೂ ಮೀರಿದ ಕಾಯಿ ಬೇಕು. ಹೆಂಗಸರ ತಂಬೂರಿಗೆ ಸ್ವಲ್ಪ ಸಣ್ಣದು, ಸಿತಾರಿಗೆ ಇನ್ನೂ ಸಣ್ಣದು. ಕುಶಲಿಗ ಬುರುಡೆಯನ್ನು ಎತ್ತಿಕೊಂಡು ತಿರುಗಿಸಿ ನೋಡುತ್ತಾನೆ, ಬೆರಳ ಗೆಣ್ಣಿನಿಂದ ತಟ್ಟುತ್ತಾನೆ. ನಾವು ಕಲ್ಲಂಗಡಿಯನ್ನು ತಟ್ಟಿ ನೋಡುವುದಿಲ್ಲವೆ, ಹಾಗೆ. ಸಿಪ್ಪೆ ಎಲ್ಲ ಕಡೆ ಒಂದೇ ದಪ್ಪವಾಗಿದ್ದರೆ ಎಲ್ಲ ಕಡೆಯೂ ಒಂದೇ ಬಗೆಯ ದನಿ. ಒಂದು ಕಡೆ ಮೆತ್ತಗಾಗಿದ್ದರೆ ಅಲ್ಲಿ ದನಿ ಕುಸಿಯುತ್ತದೆ. ಅಂಥದನ್ನು ಮಾತಿಲ್ಲದೆ ಪಕ್ಕಕ್ಕೆ ಇಟ್ಟುಬಿಡುತ್ತಾನೆ.

ಆಯ್ದ ಬುರುಡೆಯನ್ನು ನೀರಿನಲ್ಲಿ ನೆನೆಹಾಕಿ ಮೆತ್ತಗೆ ಮಾಡುತ್ತಾರೆ. ಒಣಗಿದ್ದಾಗಲೇ ಕೊಯ್ದರೆ ಸೀಳುತ್ತದೆ. ಗುರುತು ಹಾಕಿ ಗರಗಸದಿಂದ ಒಂದು ಬದಿಯನ್ನು ತೆಗೆದು, ಒಳಗಿನ ಬೀಜವನ್ನೂ ಒಣಗಿದ ತಿರುಳನ್ನೂ ಕೆರೆಯುತ್ತಾರೆ. ಈ ಕೆಲಸದಲ್ಲಿ ಏಳುವ ದೂಳು ಬಲು ಘಾಟು. ಮೂಗಿಗೆ ಬಟ್ಟೆ ಕಟ್ಟದೆ ಕೂಡ್ರಲಾಗದು. ಹಸಿಯಾಗಿರುವಾಗಲೇ ಬಾಯಿಗೆ ಅಡ್ಡ ಕಡ್ಡಿಗಳನ್ನು ಕೊಟ್ಟು ಆಕಾರಕ್ಕೆ ಹಿಗ್ಗಿಸಿ ಮತ್ತೆ ಒಣಗಿಸುತ್ತಾರೆ. ಒಣಗಿದ ಮೇಲೆ ಅದು ಆ ಆಕಾರವನ್ನೇ ಹಿಡಿದು ನಿಲ್ಲುತ್ತದೆ.

ಆಮೇಲೆ ಮರದ ಕೆಲಸ. ಬುರುಡೆಗೆ ಮರದ ಕಂಠವನ್ನು ಜೋಡಿಸುತ್ತಾರೆ. ಅವರು ಅದನ್ನು ಗಲಾ ಎನ್ನುತ್ತಾರೆ. ಕಂಠಕ್ಕೆ ಉದ್ದನೆಯ ದಂಡಿ. ದಂಡಿಯ ಒಳಗನ್ನೂ ತೋಡಿ ಪೊಳ್ಳು ಮಾಡಿ ಮೇಲೆ ಪಟ್ಟಿ ಮುಚ್ಚುತ್ತಾರೆ. ಇದಕ್ಕೆ ತುನ್ ಎಂಬ ಕೆಂಪು ಮರ ಬೇಕು. ನಮ್ಮಲ್ಲಿ ಕೆಲವು ಕಡೆ ಗಂಧಗರಿಗೆ ಎನ್ನುತ್ತಾರೆ. ಈ ಮರ ಮಿರಜಿಗೆ ಹೋಗುವುದು ನಮ್ಮ ಕರ್ನಾಟಕದ ಕಾಡುಗಳಿಂದಲೇ. ಮರವನ್ನು ತಂದ ದಿನವೇ ಕೆತ್ತುವಂತಿಲ್ಲ. ಹಲಗೆ ಒಂದು ಅಂಗುಲ ದಪ್ಪವಿದ್ದರೆ ನೆರಳಿನಲ್ಲಿ ಒಂದು ವರುಷ ಒಣಗಬೇಕೆಂಬುದು ಬಡಿಗರ ಹಳೆಯ ಲೆಕ್ಕ. ಹಸಿ ಮರದ ವಾದ್ಯ ಒಣಗುತ್ತ ಸೊಟ್ಟಗಾಗುತ್ತದೆ, ಬೆಸುಗೆ ಬಿಡುತ್ತದೆ. ಹಸಿ ಮರದ ಬಾಗಿಲು ಮಾಡಿಸಿ ಆಮೇಲೆ ಚೌಕಟ್ಟಿಗೆ ಕೂಡದೆ ಒದ್ದಾಡಿದವರು ಈ ಸಭೆಯಲ್ಲಿಯೂ ಇದ್ದಾರೆ, ಹೆಸರು ಹೇಳುವುದಿಲ್ಲ.

ಬುರುಡೆಯ ಬಾಯಿಗೆ ಮುಚ್ಚುವ ಹಲಗೆಗೆ ತಬಲಿ ಎಂದು ಹೆಸರು. ವಾದ್ಯದ ದನಿ ಒಳ್ಳೆಯದೋ ಕೆಟ್ಟದ್ದೋ ಎಂಬುದು ಬಹುಮಟ್ಟಿಗೆ ಇದರಲ್ಲಿಯೇ ನಿರ್ಧಾರವಾಗುವುದು. ಅದು ಸಪಾಟು ಹಲಗೆಯಲ್ಲ, ಸ್ವಲ್ಪ ಉಬ್ಬಾಗಿರುತ್ತದೆ. ಕೆಲವೇ ಮಿಲಿಮೀಟರು ದಪ್ಪ. ಕುಶಲಿಗ ಕೆರೆಯುತ್ತಾನೆ, ತಟ್ಟಿ ಕಿವಿಯಿಟ್ಟು ಕೇಳುತ್ತಾನೆ, ಮತ್ತೆ ಕೆರೆಯುತ್ತಾನೆ. ಹೆಚ್ಚು ದಪ್ಪವಾದರೆ ದನಿ ಮೂಕ, ಹೆಚ್ಚು ತೆಳುವಾದರೆ ತಂತಿಯ ಎಳೆತಕ್ಕೆ ಕುಸಿಯುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಯಾವ ಅಳತೆಪಟ್ಟಿಯೂ ಹೇಳುವುದಿಲ್ಲ. ಅರ್ಧ ಗಂಟೆ ನೋಡುತ್ತ ಕುಳಿತಿದ್ದೆ, ಆತ ತಲೆಯೆತ್ತಿ ನನ್ನ ಕಡೆ ನೋಡಲಿಲ್ಲ.

ಗೂಟ, ಕುದುರೆ, ತಂತಿಗಳು ಬರುವುದು ಇದಾದ ನಂತರ. ಮೈಗೆಲ್ಲ ಅರಗಿನ ಪಾಲೀಷು. ನಾಲ್ಕು ತಂತಿ, ಮೂರು ಉಕ್ಕಿನವು, ಕೆಳಗಿನ ಷಡ್ಜಕ್ಕೆ ಹಿತ್ತಾಳೆ ಇಲ್ಲವೆ ಕಂಚಿನದು. ಹಿಂದಿನ ಕಾಲದಲ್ಲಿ ಕುದುರೆಯನ್ನು ಆನೆಯ ದಂತದಿಂದಲೂ ಸಾರಂಗದ ಕೊಂಬಿನಿಂದಲೂ ಮಾಡುತ್ತಿದ್ದರು. ಈಗ ಕಾನೂನಿನಂತೆ ಎರಡೂ ನಿಷಿದ್ಧ. ಎಲುಬು, ಕರಿಮರ, ಇಲ್ಲವೆ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ. ಕುದುರೆಯ ಮೇಲುಮೈ ಅಗಲವಾಗಿದ್ದು ಅತಿ ಸಣ್ಣ ಇಳಿಜಾರಾಗಿರುತ್ತದೆ. ತಂತಿ ಅದರ ಮೇಲೆ ಕೂತೂ ಕೂಡದ ಹಾಗೆ ಸವರುತ್ತದೆ. ಅಡಿಯಲ್ಲಿ ಒಂದು ನೂಲಿನ ಎಳೆ. ಅದಕ್ಕೆ ಜೀವವೆಂದು ಹೆಸರು. ನೂಲನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ, ಅಲ್ಲಿಯವರೆಗೆ ಟಣ್ ಎನ್ನುತ್ತಿದ್ದ ತಂತಿ ಜೇನುಗೂಡಿನಂತೆ ಗುಂಯ್‌ಗುಡತೊಡಗುತ್ತದೆ. ಕುದುರೆಯ ಈ ಹದಕ್ಕೆ ಜವಾರಿ ಎನ್ನುತ್ತಾರೆ. ನಮ್ಮ ಕಡೆ ಜವಾರಿ ಎಂದರೆ ಜವಾರಿ ಜೋಳ, ಜವಾರಿ ಕೋಳಿ. "ಈ ತಂಬೂರಿಯ ಜವಾರಿ ಚೆನ್ನಾಗಿದೆ" ಎಂದು ಅವರು ಹೇಳಿದಾಗ, ಇದು ಊರ ತಳಿಯದೆಂದು ಹೇಳುತ್ತಿರುವರೆಂದೇ ನನ್ನ ಜೊತೆ ಬಂದಿದ್ದ ರೈತರು ತಲೆದೂಗಿದರು!

ಈಗ ರೈತರಿಗೆ ಸಂಬಂಧಿಸಿದ ಮಾತಿಗೆ ಬರುತ್ತೇನೆ. ಮರ ಸೊಟ್ಟಗಿದ್ದರೆ ಬಡಿಗ ಕೆತ್ತಿ ನೇರ ಮಾಡಿಯಾನು. ತಬಲಿ ಕೆಟ್ಟರೆ ಇನ್ನೊಂದು ಮಾಡಿಯಾನು. ಆದರೆ ಬುರುಡೆ ಹೊಲದಲ್ಲಿ ಹೇಗೆ ಬಂತೋ ಹಾಗೆ. ಅದಕ್ಕೆ ಕೈ ಹಾಕುವ ಹಾಗಿಲ್ಲ. ಒಂದು ಬದಿ ಚಪ್ಪಟೆಯಾದ ಕಾಯನ್ನು ದುಂಡಗೆ ಮಾಡಲು ಯಾವ ಉಸ್ತಾದನಿಂದಲೂ ಆಗದು. ಹಾಗೆ ನೋಡಿದರೆ ತಂಬೂರಿ ಮಾಡುವುದರಲ್ಲಿ ಮೊದಲ ಅರ್ಧ ರೈತನ ಕೈಕೆಲಸವೇ ಆಗಿದೆ.

ಬೀಜದಿಂದ ಪ್ರಾರಂಭಿಸೋಣ. ನಾವು ಪಲ್ಯಕ್ಕೆ ಹಾಕುವ ಉದ್ದ ಸೋರೆ ಇದಕ್ಕೆ ಆಗದು. ದಪ್ಪ ಸಿಪ್ಪೆಯ, ದೊಡ್ಡ ಗುಂಡು ಕಾಯಿಯ ಜಾತಿಯೇ ಬೇಕು. ಅದರ ಬೀಜ ಅಂಗಡಿಯಲ್ಲಿ ದೊರೆಯುವುದಿಲ್ಲ. ಬುರುಡೆ ಕೊಯ್ಯುವಾಗ ಕಸುಬಿನವರ ಮನೆಯಲ್ಲಿ ಬೀಜ ರಾಶಿ ಬೀಳುತ್ತದೆ. ಒಳ್ಳೆಯ ದನಿ ಕೊಟ್ಟ ಬುರುಡೆಯ ಬೀಜವನ್ನೇ ಕೇಳಿ ತರಬೇಕು.

ಪಲ್ಯದ ಸೋರೆಯನ್ನು ಎರಡು ತಿಂಗಳಿಗೆ ಎಳೆಯದಾಗಿ ಕೊಯ್ಯುತ್ತೇವೆ. ಇದು ಬಳ್ಳಿಯಲ್ಲೇ ಬಲಿತು, ಬಳ್ಳಿ ಒಣಗುವವರೆಗೆ ನೆಲ ಹಿಡಿಯುತ್ತದೆ. ಐದು ತಿಂಗಳಾದರೂ ಬೇಕು. ನೀರು ನಿಲ್ಲುವ ಎರೆಭೂಮಿಯಲ್ಲಿ ಬೇರು ಕೊಳೆಯುತ್ತದೆ. ಹೊಳೆದಂಡೆಯ ಮೆಕ್ಕಲು, ಇಲ್ಲವೆ ಎತ್ತರದ ಬದು ಒಳ್ಳೆಯದು. ಒಂದೊಂದು ಗುಂಡಿಗೆ ಎರಡು ಬುಟ್ಟಿ ಕಳಿತ ಗೊಬ್ಬರ ಹಾಕಿರಿ. ಯೂರಿಯಾ ಸುರಿಯಬೇಡಿರಿ. ಹೆಚ್ಚು ಯೂರಿಯಾ ಉಂಡ ಬಳ್ಳಿ ಎಲೆಯನ್ನೇ ಬೆಳೆಸುತ್ತದೆ. ಕಾಯಿ ನೋಡಲು ದೊಡ್ಡದಾದರೂ ಸಿಪ್ಪೆ ಬಲಿಯದು.

ಹೂವಿನ ಮಾತು. ಸೋರೆಯ ಹೂವು ಬೆಳ್ಳಗಿದ್ದು ಸಂಜೆಯ ಹೊತ್ತು ಅರಳುತ್ತದೆ, ಮಾರನೆಯ ದಿನಕ್ಕೆ ಬಾಡುತ್ತದೆ. ಮೊದಲು ಬರುವುವು ಗಂಡು ಹೂವುಗಳೇ. "ಹೂ ಬಿಟ್ಟರೂ ಕಾಯಿ ಕಚ್ಚಲಿಲ್ಲ" ಎಂದು ಆಗ ಗಾಬರಿಯಾಗಬೇಕಿಲ್ಲ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಇದ್ದೇ ಇರುತ್ತದೆ, ಗುರುತು ಸುಲಭ. ರಾತ್ರಿಯ ಪತಂಗಗಳು ಪರಾಗವನ್ನು ಒಯ್ಯುತ್ತವೆ. ಹುಳ ಕಡಿಮೆಯಿದ್ದ ಕಡೆ ಮುಸ್ಸಂಜೆಯಲ್ಲಿ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ಮೆಲ್ಲಗೆ ತಾಗಿಸಿದರೆ ಸಾಕು. ಆ ಹೊತ್ತಿನಲ್ಲಿ ಔಷಧ ಹೊಡೆಯಕೂಡದು. ಒಂದು ಬಳ್ಳಿಯಲ್ಲಿ ಎರಡು, ಬಹಳವಾದರೆ ಮೂರು ಕಾಯಿ ಉಳಿಸಿ ಮಿಕ್ಕವನ್ನು ಚಿವುಟಿಬಿಡಿರಿ. ರೈತನಿಗೆ ಇದೇ ಕಷ್ಟದ ಕೆಲಸ. ಕಚ್ಚಿದ ಕಾಯನ್ನು ಚಿವುಟಲು ಕೈ ಬರುವುದಿಲ್ಲ. ಆದರೆ ಹತ್ತು ಸಣ್ಣ ಕಾಯಿಯಿಂದ ಒಂದು ತಂಬೂರಿಯೂ ಆಗದು.

ಕಾಯಿ ಎಳೆಯದಿರುವಾಗಲೇ ಅದನ್ನು ಎತ್ತಿ ನೆಟ್ಟಗೆ ಕೂಡ್ರಿಸಬೇಕು. ಅಡಿಗೆ ಕಣಿಕೆಯ ಚೂರು, ಒಣಹುಲ್ಲು, ಮೇಲೆ ಸ್ವಲ್ಪ ಸಡಿಲ ಮಣ್ಣು. ಮಗ್ಗುಲಾಗಿ ಬಿದ್ದ ಕಾಯಿ ನೆಲಕ್ಕೆ ತಾಗಿದ ಬದಿಗೆ ಚಪ್ಪಟೆಯಾಗುತ್ತದೆ. ಹಸಿ ನೆಲವಾದರೆ ಅಲ್ಲಿಯೇ ಕೊಳೆತೂ ಹೋಗುತ್ತದೆ. ವಾರಕ್ಕೊಮ್ಮೆ ಬಳ್ಳಿಯ ತೊಟ್ಟಿಗೆ ನೋವಾಗದಂತೆ ನೋಡಿ ಸರಿಪಡಿಸಬೇಕು. ಇದು ಆಳಿನ ಕೆಲಸವಲ್ಲ, ಮನೆಯವರ ಕೆಲಸ. ನಮ್ಮ ಅಕ್ಕತಂಗಿಯರು ತೊಟ್ಟಿಲ ಕೂಸನ್ನು ಹೊರಳಿಸಿದ ಹಾಗೆ ಹೊರಳಿಸಿಯಾರು. ಗಂಡಸರಿಗೆ ಈ ತಾಳ್ಮೆ ಕಡಿಮೆ ಎಂದರೆ ಕೋಪಿಸಿಕೊಳ್ಳಬೇಡಿರಿ.

ದೊಡ್ಡ ಶತ್ರು ಹಣ್ಣಿನ ನೊಣ. ಎಳೆಯ ಕಾಯಿಗೆ ಚುಚ್ಚಿ ಮೊಟ್ಟೆಯಿಡುತ್ತದೆ. ಪಲ್ಯದ ಕಾಯಾದರೆ ಕೆಟ್ಟ ಭಾಗವನ್ನು ಕೊಯ್ದು ಬಿಸಾಡಿ ಉಳಿದದ್ದನ್ನು ಒಲೆಗೇರಿಸಬಹುದು. ಬುರುಡೆಗೆ ಒಂದು ಚುಚ್ಚು ಬಿದ್ದರೆ ಆ ಜಾಗ ಸುಕ್ಕಾಗಿ ಇಡೀ ಕಾಯಿ ಕೆಲಸಕ್ಕೆ ಬಾರದು. ಚುಚ್ಚಿದ, ಉದುರಿದ ಕಾಯನ್ನು ಹೊಲದಲ್ಲಿ ಬಿಡದೆ ಆಳವಾಗಿ ಹೂಳಿರಿ. ಗಂಡು ನೊಣಗಳನ್ನು ಸೆಳೆಯುವ ಕ್ಯೂಲ್ಯೂರ್ ಬಲೆಗಳನ್ನು ತೂಗುಹಾಕಿರಿ. ಹತ್ತಿಪ್ಪತ್ತು ಬಳ್ಳಿ ಮಾತ್ರ ಇದ್ದರೆ ಎಳೆಗಾಯಿಗೆ ಹಳೆಯ ಬಟ್ಟೆಯ ಚೀಲ ಕಟ್ಟುವುದು ಎಲ್ಲಕ್ಕಿಂತ ಮೇಲು.

ಬಳ್ಳಿ ಒಣಗಿ, ಕಾಯಿಯ ಹಸುರು ಹೋದ ಮೇಲೆ ಎರಡು ಮೂರು ಅಂಗುಲ ತೊಟ್ಟು ಸಮೇತ ಕೊಯ್ಯಿರಿ. ಬಿಸಿಲಿನಲ್ಲಿ ಹರವಬೇಡಿರಿ, ಬಿರಿಯುತ್ತದೆ. ಗಾಳಿಯಾಡುವ ನೆರಳಿನಲ್ಲಿ, ಒಂದಕ್ಕೊಂದು ತಾಗದ ಹಾಗೆ ಅಟ್ಟದ ಮೇಲೆ ಇಟ್ಟು ಆಗಾಗ್ಗೆ ತಿರುವಿರಿ. ಮೇಲೆ ಬೂಷ್ಟು ಬಂದರೆ ಒಣ ಬಟ್ಟೆಯಿಂದ ಒರಸಿರಿ, ಸಿಪ್ಪೆ ಗಟ್ಟಿಯಿದ್ದರೆ ಅಪಾಯವಿಲ್ಲ. ಕೈಯಲ್ಲಿ ಹಿಡಿದು ಅಲುಗಿಸಿದಾಗ ಒಳಗೆ ಬೀಜ ಗಲಗಲ ಎಂದರೆ ಒಣಗಿತೆಂದು ತಿಳಿಯಬಹುದು. ಇದಕ್ಕೆ ತಿಂಗಳುಗಳೇ ಬೇಕು. ಹಸಿ ಕಾಯನ್ನೇ ಗಾಡಿಗೆ ಹೇರಿ ಮಾರುವ ಆತುರದವನಿಗೆ ಈ ಬೆಳೆ ಹೇಳಿದ್ದಲ್ಲ.

ಇನ್ನೊಂದು ಮಾತನ್ನು ಎಲ್ಲರೂ, ವಿಶೇಷವಾಗಿ ಅಡಿಗೆ ಮಾಡುವ ತಾಯಂದಿರು ಗಮನಿಸಬೇಕು. ಈ ಜಾತಿಯ ಸೋರೆ ಸಾಧಾರಣವಾಗಿ ಕಹಿ. ಕಹಿ ಸೋರೆ ಬರೀ ರುಚಿ ಕೆಟ್ಟದ್ದಲ್ಲ, ವಿಷ. ಅದರ ರಸ ಕುಡಿದು ನಮ್ಮ ದೇಶದಲ್ಲಿ ಜನ ಸತ್ತಿದ್ದಾರೆ. ಕಹಿಯಾದ ಸೋರೆಯ ರಸವನ್ನು ಕುಡಿಯಕೂಡದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರೂ ಎಚ್ಚರಿಕೆ ಕೊಟ್ಟಿದ್ದಾರೆ. ತಿಂದವರಿಗೆ ವಾಂತಿ, ಭೇದಿ, ಕೆಲವರಿಗೆ ರಕ್ತವಾಂತಿ ಆಗುತ್ತದೆ; ಕೂಡಲೆ ದವಾಖಾನೆಗೆ ಒಯ್ಯಬೇಕು. ಇದಕ್ಕೆ ಮನೆಮದ್ದಿಲ್ಲ.

"ನಾವು ಬುರುಡೆಯ ಕಾಯಿ ತಿನ್ನುವುದಿಲ್ಲವಲ್ಲ" ಎಂದು ನೀವು ಹೇಳಬಹುದು. ಅಪಾಯ ಇರುವುದು ಬೇರೆ ಕಡೆ. ಹಿತ್ತಲಲ್ಲಿ ಪಲ್ಯದ ಸೋರೆ, ಹೊಲದಲ್ಲಿ ಬುರುಡೆಯ ಸೋರೆ ಇದ್ದರೆ ಪತಂಗ ಒಂದರ ಪರಾಗವನ್ನು ಇನ್ನೊಂದಕ್ಕೆ ಒಯ್ಯುತ್ತದೆ. ಆ ವರುಷದ ಪಲ್ಯದ ಕಾಯಿಗೆ ಏನೂ ಆಗದು, ಸಿಹಿಯಾಗಿಯೇ ಇರುತ್ತದೆ. ಅದರ ಬೀಜವನ್ನು ಹಿಡಿದಿಟ್ಟು ಮುಂದಿನ ವರುಷ ಹಾಕಿದರೆ ಬರುವ ಕಾಯಿ ಕಹಿಯಾಗುತ್ತದೆ. ಏಕೆಂದರೆ ಬೆರಕೆಯಲ್ಲಿ ಕಹಿಯ ಗುಣವೇ ಮೇಲುಗೈಯಾಗುತ್ತದೆ. ಆದ್ದರಿಂದ ಎರಡರ ನಡುವೆ ಕಡೆಯ ಪಕ್ಷ ಅರ್ಧ ಕಿಲೋಮೀಟರಾದರೂ ಅಂತರವಿರಲಿ. ಬುರುಡೆ ಬೆಳೆಯುವ ಊರಿನಲ್ಲಿ ಪಲ್ಯದ ಸೋರೆಯ ಬೀಜವನ್ನು ಮನೆಯಲ್ಲಿ ಹಿಡಿಯದೆ ಹೊರಗಿನಿಂದ ತರಿಸಿರಿ. ಮತ್ತು ಯಾವ ಸೋರೆಯನ್ನೇ ಆಗಲಿ, ಹೆಚ್ಚುವ ಮುನ್ನ ಒಂದು ಚೂರನ್ನು ನಾಲಗೆಯ ತುದಿಗೆ ತಾಗಿಸಿ ನೋಡಿ, ಕಹಿಯಿದ್ದರೆ ಉಗುಳಿ ಬಾಯಿ ಮುಕ್ಕಳಿಸಿ, ಕಾಯನ್ನು ತಿಪ್ಪೆಗೆ ಎಸೆಯಿರಿ. ದನಕ್ಕೂ ಹಾಕಬೇಡಿರಿ. ನೆರೆಯವರನ್ನು ಕೇಳದೆ ಈ ಬೆಳೆಯನ್ನು ಯಾರೂ ಪ್ರಾರಂಭಿಸಬಾರದೆಂದು ನಾನು ಹೇಳುವುದು ಇದಕ್ಕಾಗಿಯೇ.

ಈಗ ಲೆಕ್ಕ. ಇದನ್ನು ಗೌಡರ ಎದುರಿಗೇ ಹೇಳುತ್ತೇನೆ, ಅವರು ಬೇಸರ ಮಾಡಿಕೊಳ್ಳುವವರಲ್ಲ.

ಮಿರಜದ ಕಸುಬಿನವರೇ 2024ರಲ್ಲಿ ಹೇಳಿರುವ ಪ್ರಕಾರ ಅಲ್ಲಿ ತಿಂಗಳಿಗೆ 60ರಿಂದ 70 ಸಿತಾರು, ಸುಮಾರು 100 ತಂಬೂರಿ ತಯಾರಾಗುತ್ತವೆ. ವರುಷಕ್ಕೆ 1200 ತಂಬೂರಿ, 840 ಸಿತಾರು ಎಂದೇ ಹಿಡಿಯಿರಿ. ಒಂದಕ್ಕೆ ಒಂದು ಬುರುಡೆಯಂತೆ 2040 ಆಯಿತು. ಕೆಲವು ಸಿತಾರಿಗೆ ಮೇಲುಗಡೆ ಇನ್ನೊಂದು ಸಣ್ಣ ಬುರುಡೆ ಇರುತ್ತದೆ, ಅದನ್ನೂ ಸೇರಿಸಿಕೊಳ್ಳಿರಿ. ಇನ್ನು ನಮ್ಮ ಎಕರೆ. ಹತ್ತು ಅಡಿಗೆ ಒಂದು ಸಾಲು, ಸಾಲಿನಲ್ಲಿ ಏಳು ಅಡಿಗೆ ಒಂದು ಗುಂಡಿ ಮಾಡಿದರೆ ಎಕರೆಗೆ 620 ಬಳ್ಳಿ. ಬಳ್ಳಿಗೆ ಎರಡೇ ಕಾಯಿ ಎಂದರೂ 1240. ಎರಡು ಎಕರೆಗೆ 2480. ಎಂದರೆ ಗೌಡರೊಬ್ಬರ ಎರಡು ಎಕರೆ ಪೂರ್ತಿ ಕೈಗೂಡಿದರೆ ಮಿರಜದ ಇಡೀ ವರುಷದ ವಾದ್ಯಗಳನ್ನು ಎಣಿಸಿ ಮೇಲೆ ಮಿಗುತ್ತದೆ! ಹೊಲದಲ್ಲಿ ಹಾಗೆ ಎಲ್ಲವೂ ಕೈಗೂಡುವುದಿಲ್ಲ, ಬಹಳಷ್ಟು ಕಾಯಿ ಆರಿಸುವಾಗ ಹೋಗುತ್ತವೆ, ಅದು ಸರಿ. ಆದರೂ ಮಂಗಳವೇಢೆಯ ಕಡೆಯವರು ಹಿಂದಿನಿಂದಲೂ ಬೆಳೆದು ಕೊಡುತ್ತಲೇ ಇದ್ದಾರೆ. ನಾವು ಊರಿಗೆ ಊರೇ ಇದನ್ನು ಹಾಕಿದರೆ ಬುರುಡೆಗಳು ಅಟ್ಟದ ಮೇಲೆ ಇಲಿಗಳ ಮನೆಯಾಗುತ್ತವೆ. ಸಂತೆಗೆ ಒಯ್ದು ಮಾರುವ ಸರಕಲ್ಲ, ತಿಂದು ಮುಗಿಸುವ ಸರಕೂ ಅಲ್ಲ.

ತಂಬೂರಿಯ ಬೇಡಿಕೆ ಬೆಳೆಯುತ್ತಲೇ ಇರುತ್ತದೆಂದು ನಂಬುವ ಹಾಗೂ ಇಲ್ಲ. 1979ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಜಿ. ರಾಜ್ ನಾರಾಯಣ್ ಎಂಬವರು ವಿದ್ಯುತ್ತಿನ ತಂಬೂರಿಯನ್ನು ತಯಾರಿಸಿದರು. ಒಂದು ಸಣ್ಣ ಪೆಟ್ಟಿಗೆ. ಗುಂಡಿ ತಿರುವಿದರೆ ಶ್ರುತಿ. ಈಗ ಮೊಬೈಲ್ ಫೋನಿನಲ್ಲಿಯೂ ಅದು ಬಂದಿದೆ. ಮನೆಯಲ್ಲಿ ಅಭ್ಯಾಸ ಮಾಡುವ ಹುಡುಗ ಐದು ಅಡಿಯ ತಂಬೂರಿಯನ್ನು ಕೊಳ್ಳುವುದು ಅಪರೂಪ. ದೊಡ್ಡ ಗಾಯಕರಿಗೆ ಮಾತ್ರ ಕೈತಂಬೂರಿಯೇ ಬೇಕು. ಬೈಠಕ್ಕಿನಲ್ಲಿ ಹಿಂದುಗಡೆ ಎರಡು ತಂಬೂರಿ ಮೀಟುತ್ತಿದ್ದರೇ ಅವರ ದನಿ ಏಳುತ್ತದೆ. ಅಂಥ ಗಿರಾಕಿ ಕಡಿಮೆ, ಆದರೆ ಚೌಕಾಸಿ ಮಾಡುವವನಲ್ಲ. ಅವನಿಗೆ ಬೇಕಾದದ್ದು ಅತ್ಯುತ್ತಮವಾದದ್ದು. ಹೀಗಿರುವಾಗ ನಾವು ಸಾವಿರ ಕಾಯಿ ಬೆಳೆದು ಒಂದು ನೂರನ್ನು ಮಾರುವುದಕ್ಕಿಂತ ಮೂವತ್ತು ಕಾಯಿ ಬೆಳೆದು ಇಪ್ಪತ್ತೈದನ್ನು ಮಾರುವುದು ಜಾಣತನ.

ನನ್ನ ಸಲಹೆ ಇಷ್ಟು. ಕಬ್ಬನ್ನೋ ಜೋಳವನ್ನೋ ಕಿತ್ತು ಯಾರೂ ಇದನ್ನು ಹಾಕಬೇಡಿರಿ. ಹೊಳೆದಂಡೆಯ ಬದು, ಬಾವಿಯ ಏರಿ ಇಂಥ ಬೀಳು ಜಾಗವಿದ್ದವರು ಹತ್ತರಿಂದ ಇಪ್ಪತ್ತು ಬಳ್ಳಿ ಹಾಕಿ ಒಂದು ವರುಷ ನೋಡಲಿ. ಬೀಜ ಊರುವುದಕ್ಕೆ ಮುಂಚೆಯೇ ಮಿರಜದ ಯಾರಾದರೊಬ್ಬ ಕಸುಬಿನವರ ಬಳಿಗೆ ಹೋಗಿ, ಯಾವ ಅಳತೆಯ ಕಾಯಿ, ಎಷ್ಟು ಬೇಕು, ಎಂಥದಕ್ಕೆ ಏನು ಕೊಡುವಿರಿ ಎಂದು ಬಾಯಿಬಿಟ್ಟು ಕೇಳಿ ಬರಲಿ. ನಡುವಿನ ದಲ್ಲಾಳಿಯೊಬ್ಬ ಹಳ್ಳಿಗಳಲ್ಲಿ ಮುಂಗಡ ಕೊಡುತ್ತ ತಿರುಗುತ್ತಿದ್ದಾನೆಂದು ಕೇಳಿದ್ದೇನೆ. ಅವನಿಂದ ಮುಂಗಡ ಹಿಡಿದವರು ಕಾಗದವನ್ನು ನನಗೊಮ್ಮೆ ತೋರಿಸಿರಿ.

ಸಣ್ಣದಾಗಿ, ಸೊಟ್ಟಗಾಗಿ ಉಳಿದ ಬುರುಡೆಗಳನ್ನು ಏನು ಮಾಡಬೇಕೆಂದು ಹಿಂದುಗಡೆ ಕುಳಿತ ಅಜ್ಜನವರು ಕೇಳುತ್ತಿದ್ದಾರೆ. ಅಜ್ಜನವರೇ, ನಿಮ್ಮ ಭಜನಾ ಮೇಳದ ಏಕತಾರಿಯ ಬುರುಡೆ ಒಡೆದಿದೆಯೆಂದೂ ಅದಕ್ಕೆ ತಗಡಿನ ಡಬ್ಬಿ ಕಟ್ಟಿಕೊಂಡಿದ್ದೀರೆಂದೂ ನನಗೆ ಗೊತ್ತು. ನಮ್ಮೂರ ಬಡಿಗ ಒಂದು ಬಿದಿರಿನ ಕೋಲು, ಬಾಯಿಗೆ ಒಂದು ತೊಗಲಿನ ಮುಚ್ಚಳ, ಒಂದು ತಂತಿ ಇದ್ದರೆ ಅರ್ಧ ದಿನದಲ್ಲಿ ಏಕತಾರಿ ಮಾಡಿಕೊಟ್ಟಾನು. ಬುರುಡೆಯನ್ನು ಕೊಯ್ಯುವ ಮುನ್ನ ನೆನೆಹಾಕಬೇಕೆಂಬುದನ್ನು ಮಾತ್ರ ಅವನಿಗೆ ಹೇಳಿರಿ.

ಮಿರಜದಿಂದ ಬರುವಾಗ ಎರಡು ಹಿಡಿ ಬೀಜ ತಂದಿದ್ದೇನೆ. ದೊಡ್ಡ ತಂಬೂರಿಯ ಬುರುಡೆಯಿಂದ ನನ್ನ ಎದುರಿಗೇ ತೆಗೆದುಕೊಟ್ಟದ್ದು. ಪಂಚಾಯತಿ ಕಚೇರಿಯಲ್ಲಿ ಇಟ್ಟಿದ್ದೇನೆ. ಬೇಕಾದವರು ತಮ್ಮ ಹೆಸರನ್ನೂ, ಬಳ್ಳಿ ಹಾಕುವ ಜಾಗದಿಂದ ನೆರೆಯವರ ಹಿತ್ತಲು ಎಷ್ಟು ದೂರವಿದೆಯೆಂಬುದನ್ನೂ ಬರೆಸಿ, ತಲೆಗೆ ಹತ್ತು ಬೀಜದಂತೆ ಮುಂಗಾರಿಗೆ ಮೊದಲೇ ಒಯ್ಯಬಹುದು. ಗೌಡರಿಗೂ ಹತ್ತೇ ಬೀಜ. ಅವರು ಹರಗಿದ ಎರಡು ಎಕರೆಗೆ ತೊಗರಿಯ ಒಳ್ಳೆಯ ಬೀಜ ಬಂದಿದೆ. ಸಭೆ ಮುಗಿದ ಮೇಲೆ ಆ ವಿಷಯ ಮಾತನಾಡೋಣ.